ಯಾರ ಹೊತ್ತಿಗೆ ಬೆಲೆ ಇತ್ತು? 1930ರ ದಶಕದ ಪೆಸಿಫಿಕ್ ಹಡಗುಗಳು

1931ರ ಏಪ್ರಿಲ್ ತಿಂಗಳಲ್ಲಿ ಕೆನಡಿಯನ್ ಪೆಸಿಫಿಕ್ ಕಂಪನಿಯ ‘ಎಂಪ್ರೆಸ್ ಆಫ್ ಜಪಾನ್’ ಹಡಗು ಯೊಕೊಹಾಮಾದಿಂದ ಕೆನಡಾದ ಪಶ್ಚಿಮ ಕರಾವಳಿಯ ರೇಸ್ ರಾಕ್ಸ್‌ವರೆಗಿನ ದಾರಿಯನ್ನು 7 ದಿನ 20 ಗಂಟೆ 16 ನಿಮಿಷಗಳಲ್ಲಿ ಕ್ರಮಿಸಿತು. ಆ ಸಾಗರವನ್ನು ಅಷ್ಟು ಬೇಗ ಬೇರಾವ ಪ್ರಯಾಣಿಕ ಹಡಗೂ ಅದುವರೆಗೆ ದಾಟಿರಲಿಲ್ಲ. ನ್ಯೂಯಾರ್ಕಿನ ಷೇರುಪೇಟೆ ಕುಸಿದು ಆಗ ಒಂದೂವರೆ ವರ್ಷವಾಗಿತ್ತು. ಕಾರ್ಖಾನೆಗಳು ಮುಚ್ಚುತ್ತಿದ್ದವು, ದೇಶಗಳು ಒಂದರ ಮೇಲೊಂದು ಸುಂಕದ ಗೋಡೆ ಎಬ್ಬಿಸುತ್ತಿದ್ದವು, ಬಂದರುಗಳಲ್ಲಿ ಕೆಲಸವಿಲ್ಲದೆ ಲಂಗರು ಹಾಕಿದ ಹಡಗುಗಳ ಸಾಲು ಬೆಳೆಯುತ್ತಿತ್ತು. ಹಾಗಿದ್ದೂ ಪೆಸಿಫಿಕ್ ಸಾಗರದ ಅದುವರೆಗಿನ ಚರಿತ್ರೆಯಲ್ಲಿ ಅತ್ಯಂತ ದೊಡ್ಡ, ಅತ್ಯಂತ ವೇಗದ ಹಡಗುಗಳು ನೀರಿಗಿಳಿದದ್ದು ಇದೇ ವರ್ಷಗಳಲ್ಲಿ. ಜಪಾನಿನ ನಿಪ್ಪಾನ್ ಯೂಸೆನ್ ಕೈಶಾ, ಅಂದರೆ ಎನ್‌ವೈಕೆ ಕಂಪನಿ, 1929–30ರಲ್ಲಿ ಅಸಾಮಾ ಮಾರು, ತಾತ್ಸುತಾ ಮಾರು, ಚಿಚಿಬು ಮಾರು, ಹಿಕಾವಾ ಮಾರುಗಳನ್ನು ಓಡಿಸತೊಡಗಿತು. ಅಮೆರಿಕದ ಡಾಲರ್ ಲೈನ್ 1931ರಲ್ಲಿ ‘ಪ್ರೆಸಿಡೆಂಟ್ ಹೂವರ್’, ‘ಪ್ರೆಸಿಡೆಂಟ್ ಕೂಲಿಜ್’ ಎಂಬ ಜೋಡಿ ಹಡಗುಗಳನ್ನು ತಂದಿತು. ಇವೆಲ್ಲದರ ಯೋಜನೆ ಒಳ್ಳೆಯ ಕಾಲದಲ್ಲೇ ಆಗಿತ್ತು, ಕಟ್ಟಿ ಮುಗಿಯುವಾಗ ಕೆಟ್ಟ ಕಾಲ ಬಂದಿತ್ತು ಎಂಬುದು ನಿಜ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಜಗತ್ತೇ ನಿಧಾನವಾಗಿದ್ದಾಗ ಈ ಹಡಗುಗಳಿಗೆ ಯಾರ ಅವಸರವಿತ್ತು?

ಕೂಡಲೇ ಹೊಳೆಯುವ ಉತ್ತರ ಮೇಲಿನ ಡೆಕ್ಕಿನಲ್ಲಿ ಕಾಣುವ ಮುಖಗಳು. ಚಾರ್ಲಿ ಚಾಪ್ಲಿನ್ 1932ರ ಜೂನ್‌ನಲ್ಲಿ ಯೊಕೊಹಾಮಾದಿಂದ ಸಿಯಾಟಲ್‌ಗೆ ಹೊರಟದ್ದು ಹಿಕಾವಾ ಮಾರುವಿನಲ್ಲಿ. ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಮತ್ತು ಆತನ ಸಂಗಡಿಗರು 1934ರ ಅಕ್ಟೋಬರಿನಲ್ಲಿ ವ್ಯಾಂಕೂವರಿನಿಂದ ಜಪಾನಿಗೆ ಹೋದದ್ದು ಎಂಪ್ರೆಸ್ ಆಫ್ ಜಪಾನ್‌ನಲ್ಲಿ. ಕಂಪನಿಗಳ ಜಾಹೀರಾತಿನಲ್ಲಿ ಈಜುಕೊಳ, ನೃತ್ಯಶಾಲೆ, ಬಿಳಿ ಮೇಜುಬಟ್ಟೆಯ ಊಟದ ಮನೆ ಮೆರೆದವು. ನಂತರದ ಚರಿತ್ರೆಗಳೂ ಬಹುಮಟ್ಟಿಗೆ ಅದೇ ಚಿತ್ರಗಳನ್ನು ನೆಚ್ಚಿಕೊಂಡವು. ಆದರೆ ಹಡಗಿನಲ್ಲಿ ಯಾರಿಗೆ ಎಷ್ಟು ಜಾಗವಿತ್ತು ಎಂದು ನೋಡಿದರೆ ಬೇರೆ ಚಿತ್ರ ಏಳುತ್ತದೆ. ಎಂಪ್ರೆಸ್ ಆಫ್ ಜಪಾನ್‌ನಲ್ಲಿ ಮೊದಲ ದರ್ಜೆಗೆ 399 ಜಾಗ, ಎರಡನೆಯದಕ್ಕೆ 164, ಮೂರನೆಯದಕ್ಕೆ 100. ಎಲ್ಲಕ್ಕಿಂತ ಕೆಳಗಿನ ಸ್ಟೀರೇಜ್ ಭಾಗದಲ್ಲಿ 510. ಅಸಾಮಾ ಮಾರುವಿನಲ್ಲಿ ಮೊದಲ ದರ್ಜೆಯವರು ಇನ್ನೂರಕ್ಕೂ ಸ್ವಲ್ಪ ಹೆಚ್ಚು ಮಂದಿಯಾದರೆ ಮೂರನೆಯ ದರ್ಜೆಯವರು ಐನೂರಕ್ಕೂ ಹೆಚ್ಚು. ಆ ಕೆಳಗಿನ ಮಂಚಗಳಲ್ಲಿ ಮಲಗಿದವರು ಮುಖ್ಯವಾಗಿ ಚೀನೀಯರು, ಜಪಾನೀಯರು, ಫಿಲಿಪೀನರು. ಅವರ ಜೊತೆ ಹಡಗಿನ ಒಡಲಲ್ಲಿ ರೇಷ್ಮೆ, ಅಂಚೆಚೀಲ, ಚಹಾ, ಬೆಳ್ಳಿ, ಚಳಿಗಾಲದಲ್ಲಿ ವ್ಯಾಂಕೂವರಿಗೆ ಹೋಗುವ ಜಪಾನಿ ಕಿತ್ತಳೆಯ ಪೆಟ್ಟಿಗೆಗಳು. ಇವೆಲ್ಲ ಒಂದೇ ವೇಗದಲ್ಲಿ ಸಾಗರ ದಾಟಿದವು. ಆದರೆ ದಡ ಮುಟ್ಟಿದ ಮೇಲೆ ಒಂದೊಂದರ ಹೊತ್ತು ಒಂದೊಂದು ರೀತಿ ಓಡಿತು. ನನ್ನ ವಾದ ಇದು: ಆ ದಶಕದ ಪೆಸಿಫಿಕ್ ಪ್ರಯಾಣವನ್ನು ಅರ್ಥಮಾಡಿಕೊಳ್ಳಲು ಯಾರ ಹೊತ್ತಿಗೆ ಬೆಲೆ ಕಟ್ಟಲಾಗಿತ್ತು, ಯಾರ ಹೊತ್ತಿಗೆ ಇರಲಿಲ್ಲ ಎಂದು ಕೇಳಬೇಕು. ಆರ್ಥಿಕ ಕುಸಿತ ಆ ಬೆಲೆಪಟ್ಟಿಯನ್ನು ಸೃಷ್ಟಿಸಲಿಲ್ಲ, ಆದರೆ ಅದನ್ನು ಮುಚ್ಚಿದ್ದ ಪರದೆಯನ್ನು ಎಳೆದುಹಾಕಿತು.

ಮೊದಲು ರೇಷ್ಮೆಯನ್ನೇ ನೋಡೋಣ. 1929ರ ಹೊತ್ತಿಗೆ ಜಪಾನಿನ ರಫ್ತಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಪಾಲು ಕಚ್ಚಾ ರೇಷ್ಮೆಯದೇ ಆಗಿತ್ತು. ಅದರ ಬಹುಪಾಲು ಹೋಗುತ್ತಿದ್ದದ್ದು ಒಂದೇ ದೇಶಕ್ಕೆ, ಅಮೆರಿಕಕ್ಕೆ. ಜಪಾನಿನ ಹತ್ತು ರೈತ ಕುಟುಂಬಗಳಲ್ಲಿ ಸುಮಾರು ನಾಲ್ಕು ರೇಷ್ಮೆಹುಳು ಸಾಕುತ್ತಿದ್ದವು. ಆ ನೂಲು ಅಮೆರಿಕದ ಪೂರ್ವ ತೀರದ ಗಿರಣಿಗಳನ್ನು ಸೇರಿ ಹೆಚ್ಚುಹೆಚ್ಚಾಗಿ ಹೆಂಗಸರ ಕಾಲುಚೀಲವಾಗುತ್ತಿತ್ತು. ಒಂದೊಂದು ಮೂಟೆ ಸುಮಾರು 60 ಕಿಲೋ ತೂಗುತ್ತಿತ್ತು. 1920ರ ದಶಕದ ನಡುವಿನಲ್ಲಿ ಪೌಂಡಿಗೆ ಐದಾರು ಡಾಲರ್ ಬೆಲೆ ಇದ್ದುದರಿಂದ ಒಂದು ಹಡಗಿನ ರೇಷ್ಮೆ ಎಂದರೆ ಲಕ್ಷಾಂತರ ಡಾಲರಿನ ಬದುಕು. ಸಾಲ ತಂದ ಹಣಕ್ಕೆ ದಿನದಿನವೂ ಬಡ್ಡಿ ಏರುತ್ತಿತ್ತು, ದಾರಿಯಲ್ಲಿದ್ದಷ್ಟು ಹೊತ್ತೂ ವಿಮೆಯ ಕಂತು ಬೆಳೆಯುತ್ತಿತ್ತು, ನ್ಯೂಯಾರ್ಕಿನ ಪೇಟೆಯಲ್ಲಿ ಬೆಲೆ ಏರಿಳಿಯುತ್ತಲೇ ಇತ್ತು. ಹಾಗಾಗಿ ಹಡಗಿನಲ್ಲಿ ರೇಷ್ಮೆಗೆಂದೇ ಬೇರೆ ಕೋಣೆ ಮಾಡಿದರು. ಇಂದು ಯೊಕೊಹಾಮಾದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಹಿಕಾವಾ ಮಾರುವಿನಲ್ಲೂ ಅಂಥದೊಂದು ಕೋಣೆ ಇತ್ತು. ಹಡಗು ವ್ಯಾಂಕೂವರ್ ಅಥವಾ ಸಿಯಾಟಲ್ ಕಟ್ಟೆಗೆ ತಾಗುವ ಮೊದಲೇ ವಿಶೇಷ ರೈಲು ಸಿದ್ಧವಾಗಿ ನಿಂತಿರುತ್ತಿತ್ತು. ಕೆಲವೇ ಗಂಟೆಗಳಲ್ಲಿ ಮೂಟೆಗಳು ಡಬ್ಬಿ ಸೇರಿ, ಬಂದೂಕಿನ ಕಾವಲಿನಲ್ಲಿ ರೈಲು ಹೊರಡುತ್ತಿತ್ತು. ಪ್ರಯಾಣಿಕರ ರೈಲುಗಳು ಬದಿಗೆ ಸರಿದು ಅದಕ್ಕೆ ದಾರಿ ಬಿಡಬೇಕಿತ್ತು. ಖಂಡದ ಈ ತುದಿಯಿಂದ ಆ ತುದಿಗೆ ರೇಷ್ಮೆ ಸುಮಾರು ನಾಲ್ಕು ದಿನದೊಳಗೆ ಮುಟ್ಟುತ್ತಿತ್ತು. ಎಂಪ್ರೆಸ್‌ನಂಥ ಹಡಗುಗಳ ವೇಗವನ್ನು ಈ ಲೆಕ್ಕದಿಂದ ಬೇರ್ಪಡಿಸಿ ನೋಡಲಾಗದು.

ಎರಡನೆಯ ಅವಸರ ಅಂಚೆಯದು. ಆ ಅವಸರಕ್ಕೆ ಹಣ ಕೊಟ್ಟದ್ದು ಸರ್ಕಾರಗಳು. ಅಮೆರಿಕದ 1928ರ ಜೋನ್ಸ್–ವೈಟ್ ಕಾಯಿದೆ ಹೊಸ ಹಡಗು ಕಟ್ಟಲು ಖರ್ಚಿನ ಮುಕ್ಕಾಲು ಭಾಗದವರೆಗೆ ಸಾಲ ಕೊಟ್ಟಿತು. ಅಂಚೆ ಒಯ್ಯುವ ಗುತ್ತಿಗೆಗೆ ಹಡಗಿನ ಗಾತ್ರ ಮತ್ತು ವೇಗ ನೋಡಿ ಮೈಲಿಯ ಲೆಕ್ಕದಲ್ಲಿ ಹಣ ಕೊಟ್ಟಿತು. ಅತ್ಯಂತ ಮೇಲಿನ ವರ್ಗದ ಹಡಗಿಗೆ ಮೈಲಿಗೆ 12 ಡಾಲರ್‌ವರೆಗೆ ಸಿಗುತ್ತಿತ್ತು. ಚೀಲದಲ್ಲಿ ಎಷ್ಟು ಕಾಗದಗಳಿವೆ ಎನ್ನುವುದಕ್ಕಿಂತ ಹಡಗು ಎಷ್ಟು ದೊಡ್ಡದು, ಎಷ್ಟು ಬೇಗ ಓಡುತ್ತದೆ ಎನ್ನುವುದೇ ಹಣವನ್ನು ನಿರ್ಧರಿಸಿತು. ಡಾಲರ್ ಲೈನಿನ ಜೋಡಿ ಹಡಗುಗಳು ಹುಟ್ಟಿದ್ದು ಈ ಆಸರೆಯಲ್ಲಿ. ಜಪಾನ್ ಸರ್ಕಾರವೂ ತನ್ನ ಕಂಪನಿಗಳನ್ನು ಸಹಾಯಧನದಿಂದ ಪೋಷಿಸಿತು, ಕೆನಡಾದ ಹಡಗುಗಳಿಗೂ ಅಂಚೆಯ ಹಣವಿತ್ತು. ಯುದ್ಧ ಬಂದರೆ ಈ ಹಡಗುಗಳೇ ಸೈನಿಕರನ್ನು ಸಾಗಿಸಬೇಕೆಂಬ ಎಣಿಕೆ ಎಲ್ಲರ ಮನಸ್ಸಿನಲ್ಲೂ ಇತ್ತು. ಮುಂದೆ ಸೆನೆಟರ್ ಹ್ಯೂಗೋ ಬ್ಲ್ಯಾಕ್ ನೇತೃತ್ವದ ಸಮಿತಿ ಅಂಚೆ ಗುತ್ತಿಗೆಗಳನ್ನು ಶೋಧಿಸಿ ಅವುಗಳ ಹುಳುಕನ್ನು ಹೊರಗೆಳೆಯಿತು. 1936ರ ಹೊಸ ಕಾಯಿದೆ ಆ ಪದ್ಧತಿಯನ್ನೇ ಕೊನೆಗಾಣಿಸಿತು. ಮೇಲಿನ ಡೆಕ್ಕಿನ ವೈಭವ ಶ್ರೀಮಂತರ ಟಿಕೆಟ್ಟಿನಿಂದಲೇ ನಡೆಯಿತೆಂದು ನಂಬುವವರು ಈ ಲೆಕ್ಕಗಳನ್ನು ನೋಡಬೇಕು. ಪ್ರಯಾಣಿಕರು ಕಡಿಮೆಯಾದ ವರ್ಷಗಳಲ್ಲೂ ಆ ಹಡಗುಗಳು ಹೊತ್ತಿಗೆ ಸರಿಯಾಗಿ ಹೊರಟದ್ದರ ಹಿಂದೆ ತೆರಿಗೆದಾರರ ಹಣವಿತ್ತು.

ಇನ್ನು ಮನುಷ್ಯರ ಹೊತ್ತು. ಹಡಗು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಬಂದಾಗ ಮೊದಲ ದರ್ಜೆಯವರ ಮತ್ತು ಯುರೋಪಿಯನ್ನರ ಕಾಗದಪತ್ರಗಳನ್ನು ಅಧಿಕಾರಿಗಳು ಹಡಗಿನಲ್ಲೇ ನೋಡಿ ಕಳಿಸುತ್ತಿದ್ದರು. ಕೆಳದರ್ಜೆಯ ಏಷ್ಯನ್ನರನ್ನು ದೋಣಿಗೆ ಹತ್ತಿಸಿ ಏಂಜಲ್ ಐಲೆಂಡ್ ಎಂಬ ನಡುಗಡ್ಡೆಗೆ ಒಯ್ಯುತ್ತಿದ್ದರು. 1910ರಿಂದ 1940ರವರೆಗೆ ಅಲ್ಲಿದ್ದ ವಲಸೆ ಠಾಣೆಯಲ್ಲಿ ಚೀನೀಯರು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಕೂತರು. 1882ರ ಚೀನೀ ಬಹಿಷ್ಕಾರ ಕಾಯಿದೆಯ ಪ್ರಕಾರ ಕೂಲಿಕಾರರಿಗೆ ಪ್ರವೇಶವಿರಲಿಲ್ಲ. ಅಮೆರಿಕದ ಪ್ರಜೆಯ ಮಕ್ಕಳಿಗೆ ಇತ್ತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋಗಿದ್ದವು. ಆದ್ದರಿಂದ ಕಾಗದದ ಮೇಲೆ ಮಾತ್ರ ಮಕ್ಕಳಾದವರು ಬೇರೆಯವರ ಹೆಸರಿನಲ್ಲಿ ಬರತೊಡಗಿದರು. ಸುಳ್ಳನ್ನು ಹಿಡಿಯಲು ಅಧಿಕಾರಿಗಳು ಊರಿನಲ್ಲಿ ಎಷ್ಟು ಮನೆ, ಮೆಟ್ಟಿಲು ಎಷ್ಟು, ಅಕ್ಕಿಯ ಪೆಟ್ಟಿಗೆ ಎಲ್ಲಿದೆ ಎಂದು ದಿನಗಟ್ಟಲೆ ಕೇಳಿದರು. ಅಮೆರಿಕದಲ್ಲಿದ್ದ ಸಂಬಂಧಿಯ ಉತ್ತರದೊಂದಿಗೆ ಅದನ್ನು ತಾಳೆ ಹಾಕಿದರು. ನಿಜವಾದ ಮಗನೂ ಒಂದು ಉತ್ತರ ತಪ್ಪಿದರೆ ಹಿಂದಿರುಗಬೇಕಾಗುತ್ತಿತ್ತು. ಹಾಗಾಗಿ ಹಡಗಿನ ಕೆಳಗಿನ ಡೆಕ್ಕಿನಲ್ಲಿ ಸುಮಾರು ಮೂರು ವಾರ ಉರುಹೊಡೆಯುವ ಕೆಲಸವೇ ನಡೆಯಿತು. ಪ್ರಶ್ನೋತ್ತರ ಬರೆದ ಹಾಳೆಗಳನ್ನು ಬಾಯಿಪಾಠ ಮಾಡಿ, ದಡ ಕಾಣುವ ಮೊದಲು ಸಮುದ್ರಕ್ಕೆ ಎಸೆಯುತ್ತಿದ್ದರು. ಅವರ ಜೊತೆಗೇ ಬಂದ ಸರಕು ಖಂಡ ದಾಟಿ, ಬಣ್ಣ ಕಂಡು, ಅಂಗಡಿಯ ಕಪಾಟು ಸೇರುವ ಹೊತ್ತಿಗೂ ಅವರಲ್ಲಿ ಅನೇಕರು ಅದೇ ನಡುಗಡ್ಡೆಯ ಮರದ ಬ್ಯಾರಕ್ಕಿನಲ್ಲಿ ಇದ್ದರು. ಆ ಗೋಡೆಗಳಲ್ಲಿ ಅವರು ಕೆತ್ತಿದ ಪದ್ಯಗಳು ಇಂದಿಗೂ ಇವೆ.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಏಳುತ್ತದೆ. ರೇಷ್ಮೆ ನಾಜೂಕಿನ ಸರಕು, ತೇವ ತಗುಲಿದರೆ ಕೆಡುತ್ತದೆ, ಕಳ್ಳರ ಕಣ್ಣಿಗೂ ಬೀಳುತ್ತದೆ. ಅದನ್ನು ಬೇಗ ಸಾಗಿಸಿದ್ದು ಸರಕಿನ ಗುಣದಿಂದಲೇ ಹೊರತು ಮನುಷ್ಯರಿಗಿಂತ ಅದು ಮೇಲು ಎಂದಲ್ಲ, ಎಂದು ಹೇಳಬಹುದು. ಇದನ್ನು ಪರೀಕ್ಷಿಸುವ ಅವಕಾಶವನ್ನು ಆರ್ಥಿಕ ಕುಸಿತವೇ ಒದಗಿಸಿತು. 1934ರ ಹೊತ್ತಿಗೆ ಕಚ್ಚಾ ರೇಷ್ಮೆಯ ಬೆಲೆ ಪೌಂಡಿಗೆ ಒಂದೂವರೆ ಡಾಲರಿಗಿಂತ ಕೆಳಗೆ ಇಳಿದಿತ್ತು. ಎಳೆ ಅದೇ, ತೇವದ ಭಯ ಅದೇ. ಆದರೆ ಅವಸರ ಕರಗಿತು. ರೇಷ್ಮೆ ಮೆಲ್ಲಗೆ ರೈಲು ಬಿಟ್ಟು ಪನಾಮಾ ಕಾಲುವೆಯ ದಾರಿ ಹಿಡಿಯಿತು. ಜಪಾನಿನಿಂದ ನೇರವಾಗಿ ನ್ಯೂಯಾರ್ಕಿಗೆ ಹೋಗುವ ಹೊಸ ಡೀಸೆಲ್ ಸರಕು ಹಡಗುಗಳಲ್ಲಿ ಅತ್ಯಂತ ವೇಗದವು ಸುಮಾರು 26 ದಿನ ತೆಗೆದುಕೊಂಡವು. ಹಡಗು ಮತ್ತು ರೈಲು ಸೇರಿದ ಹಳೆಯ ದಾರಿಗೆ ಹೆಚ್ಚುಕಡಿಮೆ ಅದರ ಅರ್ಧ ಸಾಕಾಗಿತ್ತು. ಡೀಸೆಲ್ ಹಡಗುಗಳ ಸುಧಾರಣೆಯೇ ಇದಕ್ಕೆ ಕಾರಣ ಎಂದು ಕೆಲವರು ಹೇಳಬಹುದು. ಅದು ಒಂದು ಕಾರಣ ಹೌದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಾಲುವೆ 1914ರಿಂದಲೂ ತೆರೆದೇ ಇತ್ತು. ಬೆಲೆ ಏರಿದ್ದ ಕಾಲದಲ್ಲಿ ವ್ಯಾಪಾರಿಗಳು ಹೆಚ್ಚು ಖರ್ಚು ಮಾಡಿ ದಿನಗಳನ್ನು ಕೊಂಡರು, ಬೆಲೆ ಬಿದ್ದ ಮೇಲೆ ಅದೇ ದಿನಗಳನ್ನು ಬಿಟ್ಟುಕೊಟ್ಟರು. ಮೂಟೆಯ ಬೆಲೆ ಇಳಿದರೆ ಅದರ ಮೇಲಿನ ಬಡ್ಡಿಯೂ ವಿಮೆಯೂ ಇಳಿಯುತ್ತವೆ, ರೈಲಿಗೆ ಕೊಡುವ ಹೆಚ್ಚಿನ ಬಾಡಿಗೆ ಗಿಟ್ಟುವುದಿಲ್ಲ. ಅವಸರ ಎಳೆಯ ಗುಣದಲ್ಲಿ ಇರಲಿಲ್ಲ, ಅದಕ್ಕೆ ಕಟ್ಟಿದ ಹಣದಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ರೇಷ್ಮೆ ರೈಲುಗಳು ಆ ದಶಕ ಮುಗಿಯುವ ಮೊದಲೇ ಹೆಚ್ಚುಕಡಿಮೆ ಚರಿತ್ರೆಗೆ ಸೇರಿದವು.

ಸರಕಿನ ಬೆಲೆ ಬಿದ್ದಾಗ ಅದನ್ನು ಬೆಳೆದವರ ಪಾಡು ಏನಾಯಿತು ಎಂಬುದು ಈ ಲೆಕ್ಕದ ಇನ್ನೊಂದು ಮುಖ. ಜಪಾನಿನ ಬೆಟ್ಟದ ಸೀಮೆಯಾದ ನಾಗಾನೋದಲ್ಲಿ ಮನೆಮನೆಯೂ ಹುಳುವನ್ನೇ ನಂಬಿತ್ತು. ರೇಷ್ಮೆ ಕುಸಿದಾಗ ಆ ಸೀಮೆ ಸಾಲದಲ್ಲಿ ಮುಳುಗಿತು. ಮುಂದೆ ಸರ್ಕಾರ ಮಂಚೂರಿಯಾಕ್ಕೆ ರೈತರನ್ನು ಕಳಿಸತೊಡಗಿದಾಗ ಎಲ್ಲಕ್ಕಿಂತ ಹೆಚ್ಚು ಜನ ಹೊರಟದ್ದು ಅಲ್ಲಿಂದಲೇ. ಪೂರ್ವಕ್ಕೆ ಹೋಗುವ ದಾರಿಯನ್ನು ಅಮೆರಿಕದ 1924ರ ವಲಸೆ ಕಾಯಿದೆ ಮುಚ್ಚಿತ್ತು, ಪಶ್ಚಿಮದ ದಾರಿಯನ್ನು ಸೈನ್ಯ ತೆರೆದಿತ್ತು. ಈ ಕುಸಿತದ ಅಲೆ ನಮ್ಮ ನಾಡಿನವರೆಗೂ ಬಂದಿತು. ಪೆಸಿಫಿಕ್ ದಾಟುವ ಹಡಗುಗಳಿಗೂ ಮೈಸೂರಿನ ಹಿಪ್ಪುನೇರಳೆ ತೋಟಗಳಿಗೂ ನೇರ ನಂಟಿರಲಿಲ್ಲ. ಆದರೆ ಅಮೆರಿಕದ ಬೇಡಿಕೆ ಕುಗ್ಗಿ ಬೆಲೆ ಕುಸಿದಾಗ ಜಪಾನ್ ಮತ್ತು ಚೀನಾಗಳ ಅಗ್ಗದ ರೇಷ್ಮೆ ಭಾರತದ ಪೇಟೆಗೆ ನುಗ್ಗಿತು. ಟಿಪ್ಪುವಿನ ಕಾಲದಿಂದ ಬೇರುಬಿಟ್ಟು, ಬೆಂಗಳೂರಿನಲ್ಲಿ ಜಮ್ಶೆಟ್ಜಿ ಟಾಟಾ ಅವರು ಜಪಾನೀ ತಜ್ಞರ ನೆರವಿನಿಂದ ನಡೆಸಿದ ರೇಷ್ಮೆ ತೋಟದಿಂದ ಹೊಸ ವಿದ್ಯೆ ಕಲಿತು, 1912ರಲ್ಲಿ ಸರ್ಕಾರಿ ನೇಯ್ಗೆ ಕಾರ್ಖಾನೆಯನ್ನೂ ಕಂಡ ಮೈಸೂರು ಸಂಸ್ಥಾನದ ಕಸುಬು ತತ್ತರಿಸಿತು. ಚನ್ನಪಟ್ಟಣ, ಕನಕಪುರ, ಶಿಡ್ಲಘಟ್ಟದ ಕಡೆಯ ರೈತನಿಗೆ ಗೂಡಿನ ಬೆಲೆ ಹುಳುವಿಗೆ ಹಾಕಿದ ಸೊಪ್ಪಿನ ಖರ್ಚನ್ನೂ ಹುಟ್ಟಿಸದಾಯಿತು. 1933ರಲ್ಲಿ ಸುಂಕ ಮಂಡಳಿ ವಿಚಾರಣೆ ನಡೆಸಿತು, 1934ರಲ್ಲಿ ರೇಷ್ಮೆ ಕಸುಬಿಗೆ ರಕ್ಷಣಾ ಸುಂಕ ಬಂತು. ನಾಗಾನೋದ ರೈತನೂ ಶಿಡ್ಲಘಟ್ಟದ ರೈತನೂ ಪೇಟೆಯಲ್ಲಿ ಎದುರಾಳಿಗಳಾಗಿ ಕಂಡರು. ನಿಜದಲ್ಲಿ ಇಬ್ಬರ ದುಡಿಮೆಗೂ ಬೆಲೆ ನಿಗದಿಯಾಗುತ್ತಿದ್ದದ್ದು ಇಬ್ಬರೂ ಕಾಣದ ಊರಿನಲ್ಲಿ.

ಕುಸಿತದ ವರ್ಷಗಳ ಇನ್ನೊಂದು ಗುರುತು ಹಿಂದಿರುಗುವ ಪ್ರಯಾಣ. ಫಿಲಿಪೀನ್ಸ್ ಆಗ ಅಮೆರಿಕದ ಆಳ್ವಿಕೆಯಲ್ಲಿದ್ದುದರಿಂದ ಅಲ್ಲಿನ ಯುವಕರು ಹವಾಯಿಯ ಕಬ್ಬಿನ ತೋಟಗಳಿಗೂ ಕ್ಯಾಲಿಫೋರ್ನಿಯಾದ ಹೊಲಗಳಿಗೂ ಯಾವ ಅಡ್ಡಿಯಿಲ್ಲದೆ ಬರುತ್ತಿದ್ದರು. ಕೆಲಸ ಕಡಿಮೆಯಾದಾಗ ಅವರೇ ಕಣ್ಣಿಗೆ ಚುಚ್ಚತೊಡಗಿದರು. 1930ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಅವರ ಮೇಲೆ ದಂಗೆಕೋರರು ಬಿದ್ದರು. 1934ರ ಟೈಡಿಂಗ್ಸ್–ಮೆಕ್‌ಡಫಿ ಕಾಯಿದೆ ಹತ್ತು ವರ್ಷಗಳ ನಂತರ ಸ್ವಾತಂತ್ರ್ಯ ಕೊಡುವ ಮಾತಾಡುತ್ತಲೇ ವರ್ಷಕ್ಕೆ 50 ಫಿಲಿಪೀನರಿಗೆ ಮಾತ್ರ ಪ್ರವೇಶ ಎಂದಿತು. 1935ರಲ್ಲಿ ಇನ್ನೊಂದು ಕಾಯಿದೆ ಬಂತು: ಊರಿಗೆ ಹೋಗುವವರಿಗೆ ಟಿಕೆಟ್ ಪುಕ್ಕಟೆ, ಆದರೆ ಮರಳಿ ಬರಬೇಕೆಂದರೆ ಆ ಐವತ್ತರೊಳಗೆ ಒಬ್ಬರಾಗಬೇಕು. ಒಪ್ಪಿ ಹೋದವರು ಸುಮಾರು ಎರಡು ಸಾವಿರ. ಉಳಿದವರು ಹಸಿವಿನ ನಡುವೆಯೂ ನಿಂತರು, ಏಕೆಂದರೆ ಆ ಟಿಕೆಟ್ಟಿನ ಅರ್ಥ ಅವರಿಗೆ ತಿಳಿದಿತ್ತು. ಕೆನಡಾದ 1923ರ ಕಾಯಿದೆಯ ಪ್ರಕಾರ, ಅಲ್ಲೇ ನೆಲೆಸಿದ್ದ ಚೀನೀಯನೊಬ್ಬ ಹೆಂಡತಿಯನ್ನು ನೋಡಲು ಊರಿಗೆ ಹೋದರೆ ಎರಡು ವರ್ಷದೊಳಗೆ ಮರಳಬೇಕಿತ್ತು, ಇಲ್ಲದಿದ್ದರೆ ವಾಸದ ಹಕ್ಕೇ ಹೋಗುತ್ತಿತ್ತು. ಹೆಂಡತಿಯನ್ನು ಕರೆತರುವಂತಿರಲಿಲ್ಲ. ಬಡ ಏಷ್ಯನ್ನನ ದಿನಗಳನ್ನು ಕಾನೂನು ಎಣಿಸಿತು ನಿಜ, ಆದರೆ ಅವನನ್ನು ಹಿಡಿದಿಡಲು ಮಾತ್ರ ಎಣಿಸಿತು.

ಈ ಹಡಗುಗಳಲ್ಲಿ ಸತ್ತವರೂ ಪ್ರಯಾಣ ಮಾಡುತ್ತಿದ್ದರು. ದೂರದೇಶದಲ್ಲಿ ತೀರಿಕೊಂಡ ಚೀನೀಯರ ಮೂಳೆಗಳನ್ನು ಕೆಲವು ವರ್ಷಗಳ ನಂತರ ಅಗೆದು, ತೊಳೆದು, ಪೆಟ್ಟಿಗೆಯಲ್ಲಿಟ್ಟು ಹುಟ್ಟಿದ ಊರಿಗೆ ಕಳಿಸುವುದು ಅವರ ಸಂಘಗಳು ಹೊತ್ತ ಪುಣ್ಯದ ಕೆಲಸ. ಹಾಂಗ್‌ಕಾಂಗಿನ ತುಂಗ್ ವಾ ಆಸ್ಪತ್ರೆ ಅವನ್ನು ಇಳಿಸಿಕೊಂಡು ಹಳ್ಳಿಗಳಿಗೆ ತಲುಪಿಸುತ್ತಿತ್ತು. ಕೆನಡಾದ ವಿಕ್ಟೋರಿಯಾ ನಗರದಲ್ಲಿ ದೇಶದ ಮೂಲೆಮೂಲೆಯಿಂದ ಬಂದ ಪೆಟ್ಟಿಗೆಗಳು ಒಂದು ಮನೆಯಲ್ಲಿ ಸೇರಿ ಹಡಗಿಗಾಗಿ ಕಾಯುತ್ತಿದ್ದವು. 1937ರಲ್ಲಿ ಚೀನಾ–ಜಪಾನ್ ಯುದ್ಧ ಹೊತ್ತಿಕೊಂಡಾಗ ಆ ಸಾಗಣೆ ನಿಂತಿತು. ಕೂಡಿಬಿದ್ದ ಪೆಟ್ಟಿಗೆಗಳನ್ನು ಕೊನೆಗೆ 1961ರಲ್ಲಿ ಅಲ್ಲಿಯೇ ಮಣ್ಣು ಮಾಡಿದರು. ಹಡಗಿನ ದಾಖಲೆಯಲ್ಲಿ ಆ ಪೆಟ್ಟಿಗೆಗಳು ಸರಕಿನ ಪಟ್ಟಿಗೆ ಸೇರುತ್ತಿದ್ದವು. ಆದರೆ ಅವುಗಳ ಹಿಂದೆ ಬಡ್ಡಿಯೂ ವಿಮೆಯೂ ಇರಲಿಲ್ಲ, ಋಣವೊಂದಿತ್ತು. ಹಣದ ಲೆಕ್ಕಕ್ಕೆ ಹೊರಗಾದ ಹೊತ್ತೊಂದನ್ನು ಬಡವರು ತಮ್ಮಷ್ಟಕ್ಕೆ ತಾವೇ ವಂತಿಗೆ ಎತ್ತಿ ಕಾಪಾಡಿಕೊಂಡರು ಎಂಬುದನ್ನು ಇದು ತೋರಿಸುತ್ತದೆ. ಕೆಳಗಿನ ಡೆಕ್ಕಿನವರನ್ನು ಬರೀ ಬಲಿಪಶುಗಳೆಂದು ಬರೆಯುವುದೂ ಅಷ್ಟೇ ತಪ್ಪು. ದಕ್ಷಿಣ ಚೀನಾದ ಕೈಪಿಂಗ್ ಸೀಮೆಯಲ್ಲಿ ಇಂದಿಗೂ ನಿಂತಿರುವ ಕಾವಲುಗೋಪುರದ ಮನೆಗಳಲ್ಲಿ ಬಹುಪಾಲು 1920, 30ರ ದಶಕಗಳಲ್ಲಿ ಹೊರದೇಶದಿಂದ ಬಂದ ದುಡ್ಡಿನಲ್ಲಿ ಎದ್ದವು. ಅವರು ಹಡಗು ಹತ್ತಿದ್ದು ತಮ್ಮದೇ ಲೆಕ್ಕಾಚಾರದಿಂದ, ತಮ್ಮದೇ ಎದೆಗಾರಿಕೆಯಿಂದ.

ಕಾಯುವ ಹೊತ್ತಿಗೆ ಬೆಲೆ ತರಬಹುದು ಎಂಬುದನ್ನು ತೋರಿಸಿಕೊಟ್ಟವರು ಬಂದರಿನ ಹಮಾಲಿಗಳು. ಸ್ಯಾನ್ ಫ್ರಾನ್ಸಿಸ್ಕೋದ ಕಟ್ಟೆಯ ಮೇಲೆ ಅವರು ಬೆಳಗಾಗುವ ಮೊದಲೇ ಬಂದು ಸಾಲು ನಿಲ್ಲುತ್ತಿದ್ದರು. ಮೇಸ್ತ್ರಿ ಬೆರಳು ತೋರಿದವನಿಗೆ ಅಂದಿನ ಕೂಲಿ, ಉಳಿದವರ ಕಾಯುವಿಕೆಗೆ ಬಿಡಿಗಾಸೂ ಇಲ್ಲ. ಕೆಲಸ ಸಿಕ್ಕವನು ಹಡಗು ಖಾಲಿಯಾಗುವವರೆಗೆ ಬಿಡುವಿಲ್ಲದೆ ದುಡಿಯಬೇಕು. ಹಡಗು ಬೇಗ ಹೊರಡಬೇಕೆಂಬ ಒತ್ತಡ ಕೊನೆಗೆ ಬಂದು ಬೀಳುತ್ತಿದ್ದದ್ದು ಅವನ ಬೆನ್ನಿನ ಮೇಲೆ. 1934ರ ಮೇ 9ರಂದು ಪಶ್ಚಿಮ ತೀರದ ಎಲ್ಲ ಬಂದರುಗಳಲ್ಲೂ ಹಮಾಲಿಗಳು ಕೆಲಸ ನಿಲ್ಲಿಸಿದರು. ಜುಲೈ 5ರಂದು ಪೊಲೀಸರ ಗುಂಡಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಬ್ಬರು ಸತ್ತರು, ಊರಿಗೆ ಊರೇ ಕೆಲವು ದಿನ ಕೆಲಸ ಬಿಟ್ಟಿತು. 83 ದಿನಗಳ ಆ ಮುಷ್ಕರ ಗೆದ್ದುಕೊಟ್ಟದ್ದರಲ್ಲಿ ಮುಖ್ಯವಾದದ್ದು, ಸರದಿಯ ಪ್ರಕಾರ ಕೆಲಸ ಹಂಚುವ ಕಚೇರಿ ಮತ್ತು ಅದರ ಆಡಳಿತದಲ್ಲಿ ಸಂಘದ ಕೈ. ಇದು ನನ್ನ ವಾದಕ್ಕೆ ಮುಖ್ಯ. ಹಮಾಲಿಯ ಹೊತ್ತು ಅಗ್ಗವಾಗಿದ್ದದ್ದು ಅವನ ಕೆಲಸ ಹಗುರವಾಗಿತ್ತೆಂದಲ್ಲ. ಹಡಗು ನಿಂತರೆ ಎಷ್ಟು ನಷ್ಟ ಎಂಬುದನ್ನು ಅವನೊಬ್ಬನಿಂದ ತೋರಿಸಲಾಗುತ್ತಿರಲಿಲ್ಲ, ಒಟ್ಟಾಗಿ ತೋರಿಸಿದಾಗ ಬೆಲೆ ತಾನಾಗಿ ಹುಟ್ಟಿತು. ಆದರೆ ಇದೇ ವರ್ಷಗಳಲ್ಲಿ ಅಮೆರಿಕದ ಹಡಗುಗಳಲ್ಲಿ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದ, ಬಂದರಿನಲ್ಲಿ ಮನಬಂದಂತೆ ನೆಲಕ್ಕಿಳಿಯಲೂ ಆಗದ ಚೀನೀ ನಾವಿಕರಿಗೆ ಆ ನ್ಯಾಯ ದಕ್ಕಲಿಲ್ಲ. ಅಮೆರಿಕದ ಪ್ರಜೆಗಳನ್ನೇ ನೇಮಿಸಬೇಕೆಂಬ ನಿಯಮ 1936ರಲ್ಲಿ ಬಿಗಿಯಾದಾಗ ಅವರ ಕೆಲಸವೇ ಹೋಗತೊಡಗಿತು.

ಎಲ್ಲ ಸಾಗರಗಳಲ್ಲೂ ಹೀಗೆಯೇ ಇತ್ತಲ್ಲ, ದರ್ಜೆಯ ಭೇದ ಅಟ್ಲಾಂಟಿಕ್‌ನಲ್ಲೂ ಇತ್ತು, ಬಡವ ಎಲ್ಲೆಲ್ಲೂ ಕಾದಿದ್ದಾನೆ ಎಂಬುದು ಇನ್ನೊಂದು ಆಕ್ಷೇಪ. ಭೇದ ಇದ್ದದ್ದು ನಿಜ, ಪ್ರಮಾಣ ಒಂದೇ ಆಗಿರಲಿಲ್ಲ. ನ್ಯೂಯಾರ್ಕಿನ ಎಲ್ಲಿಸ್ ಐಲೆಂಡಿನಲ್ಲಿ ಇಳಿದ ಬಡ ಯುರೋಪಿಯನ್ನರಲ್ಲಿ ಬಹುಪಾಲು ಜನ ಕೆಲವೇ ಗಂಟೆಗಳಲ್ಲಿ ಹೊರಬಂದರು. ಪೆಸಿಫಿಕ್‌ನಲ್ಲಿ ಬಡತನದ ಮೇಲೆ ಜನಾಂಗದ ಕಾನೂನು ಇನ್ನೊಂದು ಹೇರಾಗಿ ಕೂತಿತ್ತು. ಭಾರತೀಯರೂ ಅದರ ಭಾರ ಹೊತ್ತವರೇ. ಅಮೆರಿಕದ 1917ರ ವಲಸೆ ಕಾಯಿದೆ ಅವರನ್ನು ಹೊರಗಿಟ್ಟಿತು, 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಭಾರತೀಯರಿಗೆ ಪೌರತ್ವವಿಲ್ಲವೆಂದಿತು. ಈ ಕಾನೂನುಗಳೆಲ್ಲ ಆರ್ಥಿಕ ಕುಸಿತಕ್ಕಿಂತ ಹಳೆಯವಲ್ಲವೇ, ಕುಸಿತದ ಪಾತ್ರವೇನು ಎಂದು ಕೇಳುವವರಿಗೂ ಉತ್ತರವಿದೆ. ಬಾಗಿಲು ಮುಂಚೆಯೇ ಮುಚ್ಚಿತ್ತು. ತೆರೆದಿದ್ದ ಕೊನೆಯ ಕಿಂಡಿಯನ್ನು ಕುಸಿತ ಫಿಲಿಪೀನರ ಮುಖಕ್ಕೆ ಮುಚ್ಚಿತು. ರಾಜ್ಯಕ್ಕೆ ತನ್ನ ಕೆಲಸಗಾರರನ್ನು ಕಾಯುವ ಹೊಣೆ ಇರುತ್ತದೆ, ಸರಕನ್ನೂ ಮನುಷ್ಯನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬ ಮಾತಿನಲ್ಲೂ ಹುರುಳಿದೆ. ಆದರೆ ಆ ಹೊಣೆ ಮೈಬಣ್ಣ ನೋಡಿ ನಡೆಯಿತು ಎಂಬುದೇ ದೋಷ. ಮೊದಲ ದರ್ಜೆಯ ಪ್ರಯಾಣಿಕನ ಮಾತು ನಂಬಿಕೆಗೆ ಅರ್ಹ, ಕೆಳದರ್ಜೆಯವನ ಮಾತು ಸುಳ್ಳು ಎಂದು ಮೊದಲೇ ತೀರ್ಮಾನಿಸಿದ ವ್ಯವಸ್ಥೆ ಅದು. 1936ರ ಡಿಸೆಂಬರಿನಲ್ಲಿ ರೂತ್ ಹಾರ್ಕ್‌ನೆಸ್ ಎಂಬ ಅಮೆರಿಕದ ಮಹಿಳೆ ಚೀನಾದಿಂದ ಮೊದಲ ಜೀವಂತ ಪಾಂಡಾ ಮರಿಯನ್ನು ‘ಪ್ರೆಸಿಡೆಂಟ್ ಮೆಕಿನ್ಲಿ’ ಹಡಗಿನಲ್ಲಿ ಒಯ್ದಾಗ, 20 ಡಾಲರ್ ಕಟ್ಟಿಸಿಕೊಂಡ ರಸೀದಿಯಲ್ಲಿ ಅದನ್ನು ನಾಯಿ ಎಂದು ಬರೆಯಲಾಯಿತು. ತನ್ನ ಕಾಗದದಲ್ಲಿ ಒಂದಕ್ಷರ ತಪ್ಪಿದ್ದರೆ ಚೀನೀ ಹುಡುಗನೊಬ್ಬ ತಿಂಗಳುಗಟ್ಟಲೆ ಕೂರುತ್ತಿದ್ದ ಅದೇ ಬಂದರಿನಲ್ಲಿ ಆ ಮರಿ ಇಳಿಯಿತು. ನಿಯಮದ ಕಟ್ಟುನಿಟ್ಟು ಎಲ್ಲರಿಗೂ ಒಂದೇ ಆಗಿರಲಿಲ್ಲ.

ಈ ಯುಗ ಮುಗಿದದ್ದೂ ಹೊತ್ತಿನ ಬೆಲೆ ಬೇರೆಡೆಗೆ ಸರಿದದ್ದರಿಂದಲೇ. 1935ರ ನವೆಂಬರಿನಲ್ಲಿ ‘ಚೈನಾ ಕ್ಲಿಪ್ಪರ್’ ವಿಮಾನ ಅಂಚೆ ಹೊತ್ತು ಪೆಸಿಫಿಕ್ ದಾಟಿತು, ಮುಂದಿನ ವರ್ಷ ಪ್ರಯಾಣಿಕರೂ ಹಾರಿದರು. 1937ರ ಆಗಸ್ಟ್‌ನಲ್ಲಿ ಶಾಂಘೈ ಬಳಿ ಚೀನೀ ವಿಮಾನಗಳು ತಪ್ಪಿ ಪ್ರೆಸಿಡೆಂಟ್ ಹೂವರ್ ಮೇಲೆ ಬಾಂಬು ಹಾಕಿದವು, ಡಿಸೆಂಬರಿನಲ್ಲಿ ಅದು ತೈವಾನ್ ಬಳಿ ನೆಲಕ್ಕೆ ಬಡಿದು ಹಾಳಾಯಿತು. 1938ರಲ್ಲಿ ಡಾಲರ್ ಲೈನ್ ಸರ್ಕಾರದ ಕೈಸೇರಿ ಹೊಸ ಹೆಸರು ಪಡೆಯಿತು. 1940ರ ಮೇ ತಿಂಗಳಲ್ಲಿ ನೈಲಾನ್ ಕಾಲುಚೀಲ ಅಮೆರಿಕದ ಅಂಗಡಿಗಳಿಗೆ ಬಂತು, 1941ರ ಜುಲೈನಲ್ಲಿ ಜಪಾನಿನ ಆಸ್ತಿಗೆ ಅಮೆರಿಕ ಬೀಗ ಹಾಕಿದಾಗ ರೇಷ್ಮೆಯ ವ್ಯಾಪಾರವೂ ನಿಂತಿತು. ಅಮೆರಿಕದಲ್ಲಿ ಚೀನೀಯರ ಮೇಲಿನ ಬಹಿಷ್ಕಾರ 1943ರಲ್ಲಿ ತೆರವಾಯಿತು. ಜಪಾನಿನ ವಿರುದ್ಧ ಮಿತ್ರದೇಶವಾಗಿ ಚೀನಾ ಬೇಕಾಯಿತೆಂಬುದೇ ಅದಕ್ಕೆ ಮುಖ್ಯ ಕಾರಣವಾಗಿತ್ತು. ಹೀಗೆ ಒಂದೊಂದೂ ತನ್ನ ತನ್ನ ಕಾರಣದಿಂದ ನಡೆದರೂ ಎಲ್ಲದರಲ್ಲಿ ಒಂದು ಸೂತ್ರ ಕಾಣುತ್ತದೆ: ಸಾಗರದ ದಾರಿ ಯಾರಿಗೆ ಸಲೀಸಾಗಬೇಕು ಎಂಬುದನ್ನು ನೀರೂ ಗಾಳಿಯೂ ಯಂತ್ರವೂ ನಿರ್ಧರಿಸಲಿಲ್ಲ, ಹಣ ಮತ್ತು ಕಾನೂನು ನಿರ್ಧರಿಸಿದವು. ಆದ್ದರಿಂದ ಹಡಗುಗಳ ಚರಿತ್ರೆಯನ್ನು ಪ್ರಯಾಣಿಕರ ಪಟ್ಟಿ ಒಂದರಿಂದ ಬರೆದರೆ ಅದು ಗಣ್ಯರ ಕಥೆಯಾಗುತ್ತದೆ, ಸರಕಿನ ಪಟ್ಟಿ ಒಂದರಿಂದ ಬರೆದರೆ ವ್ಯಾಪಾರದ ಲೆಕ್ಕವಾಗುತ್ತದೆ. ಎರಡನ್ನೂ ವಲಸೆ ಠಾಣೆಯ ದಾಖಲೆಯ ಪಕ್ಕದಲ್ಲಿಟ್ಟು ಓದಿದಾಗಲೇ ನಿಜ ಹೊರಬರುತ್ತದೆ. ದುಡಿದವರು ಬೆಳೆದ ವಸ್ತುವನ್ನು ಆದರದಿಂದ ಬರಮಾಡಿಕೊಂಡು ದುಡಿದವರನ್ನೇ ಬಾಗಿಲಲ್ಲಿ ನಿಲ್ಲಿಸುವ ವ್ಯವಸ್ಥೆ ತಾನಾಗಿ ಬರುವುದಿಲ್ಲ. ಅದನ್ನು ಮನುಷ್ಯರು ಕಾಯಿದೆ ಬರೆದು, ಗುತ್ತಿಗೆ ಮಾಡಿ, ಕೋಣೆ ಕಟ್ಟಿ ನಿಲ್ಲಿಸುತ್ತಾರೆ. ಹಮಾಲಿಗಳು ತೋರಿಸಿಕೊಟ್ಟಂತೆ, ಮನುಷ್ಯರು ಒಟ್ಟಾಗಿ ನಿಂತರೆ ಅದನ್ನು ಬದಲಿಸಲೂಬಹುದು. ಸರಕು ಗಡಿ ದಾಟುವ ಸರಾಗವನ್ನು ಮನುಷ್ಯ ದಾಟುವ ಕಷ್ಟದ ಜೊತೆಗಿಟ್ಟು ನೋಡುವ ಕೆಲಸ ಆ ಕಾಲದ ಚರಿತ್ರಕಾರನದು ಮಾತ್ರವಲ್ಲ, ಇಂದು ದೂರದೇಶಕ್ಕೆ ದುಡಿಯಲು ಹೋಗುವ ಜನರಿರುವ ಪ್ರತಿ ಸಮಾಜದ್ದೂ ಹೌದು.